ಮಬ್ಬಿನಲ್ಲಿ ಕೆಂಪು ಚುಕ್ಕೆ

"ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯದಲ್ಲಿ ನನ್ನ ಸರದಿ ಬರೋ ಹೊತ್ತಿಗೆ ಸಂಜೆಯಾಗಿರುತ್ತೆ. ಬಂದೂಕಿನ ಮೇಲೆ ಕೂರಿಸೋ ದುರ್ಬೀನು, ಮಬ್ಬಲ್ಲೂ ಚೆನ್ನಾಗಿ ಕಾಣೋ ಸ್ಕೋಪ್ ಕೊಡಿ," ಎಂದ ಗಿರಾಕಿ.

ಬಂದೂಕಿನಂಗಡಿಯ ಬೆಳ್ಯಪ್ಪ ಅಗಲ ಗಾಜಿನದೊಂದನ್ನು ತೆಗೆದುಕೊಟ್ಟ. "ಗುರಿ ಹಿಡಿಯೋ ಗೀಟಿನ ನಡುವೆ ಕೆಂಪು ಚುಕ್ಕೆ ಉರಿಯುತ್ತೆ. ಚೌಕಾಸಿ ಮಾತ್ರ ಇಲ್ಲ. ಎದುರಿನ ಹೋಟೆಲ್ ಕಡೆ ಹಿಡಿದು ನೋಡಿ."

ಹೊರಗೆ ಬೆಳಕು ಮಸುಕಾಗಿತ್ತು. ಗಿರಾಕಿ ಬರಿಯ ಸ್ಕೋಪನ್ನು ಕಣ್ಣಿಗಿಟ್ಟ. "ಆಹಾ! ಕಿಟಕಿ ಪಕ್ಕ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರಿಗೂ ಒಂದೇ ದೋಸೆ."

"ಮುಖ ಕಾಣುತ್ತಾ?"

"ಚೆನ್ನಾಗಿ ಕಾಣುತ್ತೆ. ಹುಡುಗಿ ನನ್ನ ಮಗಳು."

ಬೆಳ್ಯಪ್ಪ ನಗುತ್ತಲೇ ಸ್ಕೋಪ್ ಇಸಿದುಕೊಂಡು ನೋಡಿದ. ಕೆಂಪು ಚುಕ್ಕೆ ನೇರವಾಗಿ ತನ್ನ ಮಗನ ಹಣೆಯ ಮೇಲೆ ಕೂತಿತ್ತು.

"ಇದರಲ್ಲಿ ಅಷ್ಟು ಸರಿಯಾಗಿ ಕಾಣಲ್ಲ ಸಾರ್. ಬೇರೆ ತೋರಿಸ್ತೀನಿ."

"ಬೇಡ, ಇದೇ ಇರಲಿ." ಗಿರಾಕಿ ಸ್ಕೋಪ್ ಕಿತ್ತುಕೊಂಡು ಹುಡುಗನನ್ನು ನೋಡಿದ. ಆಮೇಲೆ ಬೆಳ್ಯಪ್ಪನ ಗಿಣಿಮೂಗನ್ನು ನೋಡಿದ. ಮತ್ತೆ ಹುಡುಗನ ಮೂಗನ್ನು ನೋಡಿದ.

"ಬಂದೂಕು ತಂದಿದ್ದೀರಾ?" ಬೆಳ್ಯಪ್ಪ ಕೇಳಿದ.

"ಕಾರಲ್ಲಿದೆ. ಅದಿರಲಿ," ಎಂದು ಗಿರಾಕಿ ಸ್ಕೋಪ್ ಕೆಳಗಿಳಿಸಿದ. "ಬೀಗರಿಗೂ ಚೌಕಾಸಿ ಇಲ್ವಾ?"