ಹನ್ನೊಂದು ಇಪ್ಪತ್ತರ ಹಾರಾಟ

"ಇಕ್ಕಳ ಸಿಗೋವರೆಗೂ ನಾನು ಸಹಿ ಹಾಕಲ್ಲ ಮಾವ," ಎಂದಳು ಸೊಸೆ. ಅವಳು ನಿಂತಿದ್ದುದು ವಿಮಾನದ ರೆಕ್ಕೆಯ ಮೇಲೆ. ಮಾವ ಕಾಕ್‌ಪಿಟ್ಟಿನಲ್ಲಿ ಬೆಲ್ಟು ಬಿಗಿದುಕೊಂಡು ಹೊಸ ಮದುಮಗನಂತೆ ಕೂತಿದ್ದರು. ಗಂಟೆ ಹನ್ನೊಂದು ಐದು. ಅವರು ನೆಲ ಬಿಡಬೇಕಾದದ್ದು ಹನ್ನೊಂದು ಇಪ್ಪತ್ತಕ್ಕೆ.

ಕೆಳಗೆ ಉಪಕರಣಗಳ ಹಲಗೆ ನಿಂತಿತ್ತು. ಒಂದೊಂದು ಸಾಮಾನಿನ ಹಿಂದೆಯೂ ಅದರದೇ ಆಕಾರ ಕೆಂಪು ಬಣ್ಣದಲ್ಲಿ. ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರು ಎಲ್ಲವೂ ತಂತಮ್ಮ ಜಾಗದಲ್ಲಿ ನೇತಾಡುತ್ತಿದ್ದವು. ತಂತಿ ತಿರುಚುವ ಇಕ್ಕಳದ್ದು ಮಾತ್ರ ಆಕಾರ ಇತ್ತು, ಆಸಾಮಿ ನಾಪತ್ತೆ. ಹಲಗೆ ಭರ್ತಿಯಾಗದೆ ವಿಮಾನ ಏಳಕೂಡದು ಎಂಬುದು ಆ ಶೆಡ್ಡಿನ ಕಟ್ಟಳೆ. ಮದುವೆಯಾಗಿ ಬಂದು ಮೆಕ್ಯಾನಿಕ್ ಆದ ಸೊಸೆಗೆ ಅದನ್ನು ಬಾಯಿಪಾಠ ಮಾಡಿಸಿದ್ದು ಇದೇ ಮಾವ.

"ಬೆಳಿಗ್ಗೆಯಿಂದ ಅಜ್ಜೀನ ಯಾರಾದ್ರೂ ಮುಟ್ಟಿದ್ರಾ?"

"ನೀನು ಬಿಟ್ಟು ಇನ್ಯಾರಿಗೆ ಧೈರ್ಯ?" ಎಂದರು ಮಾವ. ಅಜ್ಜಿ ಎಂದರೆ ವಿಮಾನವೇ. ಮಹಾಯುದ್ಧದಲ್ಲಿ ಗುಂಡು ಹಾರಿಸಿ, ಗುಂಡು ತಿಂದು, ಕೊನೆಗೆ ಗುಜರಿ ಸೇರಿದ್ದವಳು. ಮಾವ ಏಳು ವರ್ಷ ಮೂಳೆಗೆ ಮೂಳೆ ಕೂಡಿಸಿ ಎಬ್ಬಿಸಿದ್ದರು. ಇವತ್ತು ಮೊದಲ ಸಲ ಜನರೆದುರು ಅವಳ ಹಾರಾಟ. ಮಾವನದು ಕೊನೆಯ ಸಲ. ಮುಂದಿನ ತಿಂಗಳು ಅವರಿಗೆ ಎಪ್ಪತ್ತೈದು. ಎಪ್ಪತ್ತೈದಾದ ಪೈಲಟ್ಟು ಟಿಕೆಟ್ ಕೊಂಡು ಬೇಲಿಯಾಚೆ ಕೂರಬೇಕು ಎಂದು ಪ್ರದರ್ಶನದ ನಿಯಮ.

ಅಷ್ಟರಲ್ಲಿ ಸಂಯೋಜಕ ಓಡಿಬಂದ. ವಿಮಾನ ಹಾರುವ ಮೊದಲೇ ಅವನು ಹಾರಾಡತೊಡಗಿದ್ದ. "ಏನಮ್ಮಾ ಇದು! ಇಪ್ಪತ್ತು ಸಾವಿರ ಜನ ಕತ್ತೆತ್ತಿ ಕೂತಿದ್ದಾರೆ. ಧ್ವನಿವರ್ಧಕದೋನು ಆಗಲೇ ಶುರು ಹಚ್ಕೊಂಡಿದ್ದಾನೆ," ಎಂದು ಮೂಗು ಹಿಡಿದು, ಗಂಟಲು ಉಬ್ಬಿಸಿ ತೋರಿಸಿದ: "'ಈಗ ನಿಮ್ಮ ಮುಂದೆ, ಮಹನೀಯರೇ, ಮಹಿಳೆಯರೇ, ಆಕಾಶದ ಅಜ್ಜೀ...' ಅವನ ಬಾಯಿ ಮುಚ್ಚಿಸೋದು ಯಾರು? ನೀವು ತಪ್ಪಿಸಿದರೆ ನಿಮ್ಮ ಹೊತ್ತು ಜೆಟ್‌ನವರಿಗೆ ಹೋಗುತ್ತೆ. ಇನ್ನೊಂದು ಸರದಿ ಇಲ್ಲ."

"ಹೋಗಲಿ."

"ಒಂದು ಇಕ್ಕಳ ತಾನೇ? ಜೆಟ್‌ನವರ ಹತ್ರ ಇಸ್ಕೊಂಡು ಬಂದಿದ್ದೀನಿ, ನೋಡಿ. ಅದೇ ಆಕಾರ, ಅದೇ ಅಳತೆ." ಅವನು ಅದನ್ನು ಹಲಗೆಗೆ ನೇತುಹಾಕಿಯೇಬಿಟ್ಟ. ಕೆಂಪು ಗುರುತು ಚೂರೂ ಕಾಣದಂತೆ ಮುಚ್ಚಿಹೋಯಿತು. "ಆಯ್ತಲ್ಲ ಭರ್ತಿ?"

ಸೊಸೆ ರೆಕ್ಕೆಯಿಂದ ಇಳಿದು, ಇಕ್ಕಳವನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. "ಕಳೆದುಹೋದ ಮಗು ಬದಲು ಪಕ್ಕದ ಮನೆ ಮಗು ತಂದು ತೊಟ್ಟಿಲಿಗೆ ಹಾಕಿದ ಹಾಗಾಯ್ತು ಅಣ್ಣಾ."

ಸಂಯೋಜಕ ಅವಳನ್ನು ಬಿಟ್ಟು ಮೇಲಕ್ಕೆ ನೋಡಿದ. "ಯಜಮಾನ್ರೇ, ಸಹಿ ಹಾಕಮ್ಮ ಅಂದ್ರೆ ಸಹಿಸ್ಕೋ ಅಂತಾರೆ ನಿಮ್ಮ ಸೊಸೆ. ವಿಮಾನ ನಿಮ್ಮದು. ಜೆಟ್‌ನವರ ಮೆಕ್ಯಾನಿಕ್ ಅಲ್ಲೇ ನಿಂತಿದ್ದಾನೆ, ಅವನ ಸಹಿಯೂ ನಡೆಯುತ್ತೆ. ನೀವು ಹೂಂ ಅಂದ್ರೆ ಸಾಕು."

ಸ್ಟಾರ್ಟರಿನ ಗುಂಡಿಯ ಮೇಲಿದ್ದ ಮಾವನ ಬೆರಳು ಅಲ್ಲೇ ಇತ್ತು. ಈ ಮನುಷ್ಯ ಏಳು ವರ್ಷ ಹಬ್ಬ ಹುಣ್ಣಿಮೆ ನೋಡದೆ ದುಡಿದದ್ದು ಇದೊಂದು ಹತ್ತು ನಿಮಿಷಕ್ಕೆ ಎಂಬುದು ಸೊಸೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಸಹಿಯ ಪುಸ್ತಕವನ್ನು ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಅದು ಒಳಗೇ ಬಿದ್ದಿದೆ ಅಂತ ನಿನಗೆ ಗ್ಯಾರಂಟಿನಾ?" ಮಾವ ಕೇಳಿದರು.

"ಒಳಗಿದೆ ಅಂತ ಗೊತ್ತಿಲ್ಲ ಮಾವ. ಹೊರಗಿದೆ ಅಂತಲೂ ಗೊತ್ತಿಲ್ಲ. ಎರಡರಲ್ಲಿ ಒಂದು ಗೊತ್ತಾಗೋವರೆಗೆ ನೀವು ಹಾರಲ್ಲ. ಬೇಕಾದ್ರೆ ಅಜ್ಜಿ ಚಕ್ರದ ಮುಂದೆ ಮಲಗ್ತೀನಿ, ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ."

ಮಾವ ಕಣ್ಣು ಮುಚ್ಚಿ ಒಂದು ಗಳಿಗೆ ಕೂತರು. ಹಾಗೆ ಕೂತವರ ಮುಖ ಇದ್ದಕ್ಕಿದ್ದಂತೆ ಬಿಳಿಚಿತು. ಬೆರಳು ಸ್ಟಾರ್ಟರಿನಿಂದ ಸರಿಯಿತು. ಬೆಲ್ಟು ಬಿಚ್ಚಿದರು, ಮಂಡಿ ಹಿಡಿದುಕೊಂಡು, "ಅಯ್ಯಪ್ಪಾ" ಎನ್ನುತ್ತ ರೆಕ್ಕೆಯ ಮೇಲಿಂದ ಇಳಿದರು. "ಜೆಟ್‌ನವರಿಗೆ ಕೊಟ್ಬಿಡಯ್ಯ," ಎಂದರು ಸಂಯೋಜಕನಿಗೆ. ಆಮೇಲೆ ಎಂಜಿನ್ನಿನ ಕಡೆ ತಿರುಗಿಯೂ ನೋಡದೆ, ಹಲಗೆಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು ನೆಟ್ಟಗೆ ಬಾಲದತ್ತ ನಡೆದರು. ಬೆಳಿಗ್ಗೆ ಅವಳು ಬರುವ ಮುನ್ನ, ಮುದ್ದಿಗೆಂದು, ಅಜ್ಜಿಯ ಬಾಲದೊಳಗಿನ ಒಂದು ಸಡಿಲ ತಂತಿಯನ್ನು ಅದೇ ಇಕ್ಕಳದಿಂದ ತಾವೇ ಬಿಗಿದದ್ದು ನೆನಪಾಗಿತ್ತು. ಅದನ್ನು ಅವರು ಹೇಳಲಿಲ್ಲ. ಆ ನಡಿಗೆ ನೋಡಿಯೇ ತಿಳಿದುಕೊಂಡ ಸೊಸೆ ಕೇಳಲೂ ಇಲ್ಲ.

ಬಾಲದ ಎರಡು ಬದಿಗೂ ಕೈ ತೂರುವಷ್ಟೇ ಅಗಲದ ಕಿಂಡಿಗಳು. ಅವುಗಳ ಮುಚ್ಚಳದ ಸ್ಕ್ರೂ ಬಿಚ್ಚಿ, ಮಾವ ಈಚೆಯಿಂದ ತೋಳಿನವರೆಗೆ ಕೈ ತೂರಿಸಿದರು, ಸೊಸೆ ಆಚೆಯಿಂದ. "ಇದೆ," ಎಂದರು ಮಾವ. "ಮೂತಿ ಎತ್ತೋ ಕೇಬಲ್ಲಿಗೇ ಕಚ್ಕೊಂಡಿದೆ." ನೆಲ ಬಿಟ್ಟ ಮೇಲೆ ಅಲ್ಲಾಡಿ, ಕೇಬಲ್ ಓಡುವ ರಾಟೆಗೆ ಸಿಕ್ಕಿದ್ದರೆ, ಮೂತಿ ಎತ್ತಿದ ಅಜ್ಜಿ ಮತ್ತೆ ಇಳಿಸುತ್ತಿರಲಿಲ್ಲ.

ಜೆಟ್ಟು ಮೈದಾನದ ನೆತ್ತಿ ಸೀಳಿಕೊಂಡು ಹೋಯಿತು. ಇಪ್ಪತ್ತು ಸಾವಿರ ಜನ ಹೋ ಎಂದರು. ಮಾವ ಎಳೆದರು, ಕೈ ಬರಲಿಲ್ಲ. ಇಕ್ಕಳ ಹಿಡಿದ ಮುಷ್ಟಿ ಕಿಂಡಿಗಿಂತ ದಪ್ಪವಾಗಿತ್ತು. ಮತ್ತೆ ಎಳೆದರು. ಸದ್ದು ಇಳಿಯುವವರೆಗೂ ಎಳೆಯುತ್ತಲೇ ಇದ್ದರು. ಅಷ್ಟರಲ್ಲಿ ಕತ್ತಲ ಒಳಗೆ ಯಾವುದೋ ಗ್ರೀಸು ಮೆತ್ತಿದ ಸಣ್ಣ ಬೆರಳುಗಳು ಅವರ ಬೆರಳುಗಳನ್ನು ತಡವಿ ಗುರುತು ಹಿಡಿದು, ಇಕ್ಕಳಕ್ಕೆ ಸುತ್ತಿಕೊಂಡವು.

"ನಾನು ಹಿಡ್ಕೊಂಡಿದ್ದೀನಿ," ಎಂದಳು ಸೊಸೆ ಆಚೆ ಬದಿಯಿಂದ. "ನೀವಿನ್ನು ಬಿಡಿ ಮಾವ."