ಪಟಾಲಮ್ಮನ ವಯಸ್ಸು

ಅಂಗಳದಲ್ಲಿ ನಾಲ್ಕಾರು ಚಿಕ್ಕ ಹುಡುಗಿಯರ ನಡುವೆ ಪಟಾಲಮ್ಮ ಕುಂಟೆಬಿಲ್ಲೆ ಆಡುತ್ತಿದ್ದಳು. ಆರಡಿಗೆ ಒಂದಂಗುಲ ಕಡಿಮೆ ಇದ್ದವಳು ಒಂಟಿಕಾಲಲ್ಲಿ ಕುಪ್ಪಳಿಸುವುದನ್ನು ಕಂಡು ಚನ್ನವೀರಪ್ಪ ಬೇಲಿಯಾಚೆಯೇ ನಿಂತರು. ತಾವು ತನಿಖೆಗೆ ಬರುವ ಸುದ್ದಿ ಈ ಮನೆಯವರಿಗೆ ಮೊದಲೇ ಮುಟ್ಟಿರಬೇಕು. ಇಲ್ಲದಿದ್ದರೆ ಇಷ್ಟು ದೊಡ್ಡ ಹುಡುಗಿಯ ಕೈಯಲ್ಲಿ ಈ ಆಟ ಆಡಿಸುತ್ತಿರಲಿಲ್ಲ.

ಚನ್ನವೀರಪ್ಪ ಬಾಸ್ಕೆಟ್‌ಬಾಲ್ ಸಂಘದ ಗುಮಾಸ್ತರು. ರಾಜಾಜಿನಗರದ ವಠಾರದಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡಿ ಬಂದವರು. ಚೀಲದಲ್ಲಿ ಸಹಿಯಿಲ್ಲದ ಪತ್ರವೊಂದಿತ್ತು. ‘ಉಲ್ಲಾಳದ ಪಟಾಲಮ್ಮನ ಜನ್ಮದಿನಾಂಕ ಸುಳ್ಳು. ವಿಚಾರಿಸಿ.’

ಅಷ್ಟೇ ಸಾಕಾಗಿತ್ತು. ಮಲೇಶಿಯಾದಲ್ಲಿ ಹದಿನೆಂಟರೊಳಗಿನ ಹುಡುಗಿಯರ ಚಾಂಪಿಯನ್‌ಷಿಪ್. ಭಾರತ ತಂಡದ ಹನ್ನೆರಡು ಹೆಸರುಗಳಲ್ಲಿ ಕೊನೆಯದು ಇವಳದು. ಶಾಲೆಯ ದಾಖಲೆಯ ಪ್ರಕಾರ ಹುಟ್ಟಿದ್ದು ೧೯೫೯ರ ಆಗಸ್ಟ್ ಒಂದು. ಈಗ ಎಪ್ಪತ್ತೇಳರ ಜನವರಿ. ಹದಿನೇಳೂವರೆ ಆಗುತ್ತಾ ಬಂತು. ಒಂದು ವರ್ಷ ಹೆಚ್ಚೆಂದು ತಿಳಿದರೂ ಹೆಸರು ಹೋಯಿತು. ಸೋಮವಾರ ದೆಹಲಿಗೆ ತಂತಿ ಕಳಿಸಬೇಕು.

ಅವಳ ಆಟವನ್ನು ಅವರು ನೋಡಿದ್ದರು. ಚೆಂಡು ಅವಳ ಕೈಗೆ ಹೋದರೆ ಉಳಿದವರಿಗೆ ಕತ್ತೆತ್ತಿ ನೋಡುವುದಷ್ಟೇ ಕೆಲಸ. ಅಂಥವಳ ಹೆಸರು ಹೊಡೆದುಹಾಕಬೇಕಾದೀತೆಂದು ಎರಡು ದಿನದಿಂದ ಊಟ ಸೇರಿರಲಿಲ್ಲ. ಹೊಡೆಯದೆ ಬಿಟ್ಟರೂ ಸೇರುತ್ತಿರಲಿಲ್ಲ.

“ಬನ್ನಿ ಸಾಮಿ, ಕುಂತ್ಕಳಿ,” ಎಂದು ತಾಯಿ ವೆಂಕಟಲಕ್ಷ್ಮಮ್ಮ ಚಾಪೆ ಹಾಸಿದರು. “ಏ ಪಟಾಲಿ, ಬೆಲ್ಲದ ಡಬ್ಬ ತೆಗಿಯೇ.”

ಡಬ್ಬ ಅಟ್ಟದ ಮೇಲಿತ್ತು. ಹುಡುಗಿ ಹಿಮ್ಮಡಿ ಎತ್ತದೆ ಕೈ ಚಾಚಿ ತೆಗೆದಳು.

ಗೋಡೆಯ ಮೇಲೆ ಮೂರನೇ ಕ್ಲಾಸಿನ ಮಕ್ಕಳ ಫೋಟೋ ಇತ್ತು. ಚನ್ನವೀರಪ್ಪ ಎದ್ದು ಹತ್ತಿರ ಹೋದರು.

“ಹಿಂದ್ಗಡೆ, ಉದ್ದುಕ್ಕವ್ಳಲ್ಲ, ಅವ್ಳೇ,” ಎಂದರು ತಾಯಿ.

ಉಳಿದ ಮಕ್ಕಳಿಗಿಂತ ಒಂದು ಗೇಣು ಎತ್ತರ. ಎಲ್ಲರೂ ಬಿಗಿದುಕೊಂಡು ನಿಂತಿದ್ದರೆ ಇವಳೊಬ್ಬಳು ಮುಂದಿನ ಎರಡು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಚನ್ನವೀರಪ್ಪ ಪುಸ್ತಕದಲ್ಲಿ ‘ಆಗಲೇ ಬಹಳ ಎತ್ತರ’ ಎಂದು ಬರೆದುಕೊಂಡರು.

“ನೋಡೀಮ್ಮ, ಸುತ್ತಿ ಬಳಸಿ ಕೇಳೋಕೆ ನನಗೆ ಬರಲ್ಲ. ಸ್ಕೂಲಲ್ಲಿ ಬರೆಸಿರೋ ತಾರೀಕು ನಿಜಾನಾ?”

ವೆಂಕಟಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. “ಇಲ್ಲ ಸಾಮಿ.”

“ಎಷ್ಟು ವ್ಯತ್ಯಾಸ?”

“ಎರಡು ವರ್ಸ.”

ಪೆನ್ನು ನಿಂತಿತು. ಇದಕ್ಕಿಂತ ಹೆಚ್ಚು ಕೇಳಲು ಚನ್ನವೀರಪ್ಪನವರಿಗೆ ಧೈರ್ಯ ಬರಲಿಲ್ಲ.

“ತಪ್ಪು ನಮ್ದಲ್ಲ ಸಾಮಿ. ಮರಿಯಪ್ಪ ಮೇಷ್ಟ್ರು ಬರ್ಕಂಡ್ರು. ಬ್ಯಾಡ ಅಂತ ಕಾಲು ಹಿಡ್ಕಂಡೆ, ಕೇಳ್ನಿಲ್ಲ. ಈಗ ನಿಜ ಹೇಳುದ್ರೂ ಇವ್ಳನ್ನ ನೋಡ್ದೋರು ಯಾರು ನಂಬ್ತಾರೆ?”

“ನಾನು ನಂಬ್ತೀನಿ,” ಎಂದರು ಚನ್ನವೀರಪ್ಪ. ಇಷ್ಟು ಸುಲಭವಾಗಿ ನಂಬುವಂಥ ಮಾತನ್ನು ಅವರು ಈಚೆಗೆ ಕೇಳಿರಲಿಲ್ಲ.

ಆದರೆ ಬರೆದವರ ಹೇಳಿಕೆಯೂ ಬೇಕಲ್ಲ. ನಿವೃತ್ತ ಮೇಷ್ಟ್ರ ಮನೆ ಕೆಂಗೇರಿಯಲ್ಲಿತ್ತು. ದಾರಿ ತೋರಿಸಲು ಪಟಾಲಮ್ಮನೇ ಹೊರಟಳು. ಅವಳ ಒಂದು ಹೆಜ್ಜೆಗೆ ಅವರು ಎರಡು ಹಾಕಬೇಕಾಯಿತು.

“ಸಾರ್, ನನ್ ಹೆಸ್ರು ಹೊಡೀತೀರಾ?”

“ಮೇಷ್ಟ್ರನ್ನ ಕೇಳೋಣ ಬಾಮ್ಮ.”

ರೈಲ್ವೆ ಗೇಟು ದಾಟಿದರು. ಅವಳು ಮತ್ತೆ ಕೇಳಿದಳು. “ಸಂಘದೋರು ಕೊಟ್ಟ ಶೂ ವಾಪಸ್ ಕೊಡ್ಬೇಕಾ?”

“ಶೂ ವಿಷಯ ನಿಯಮದಲ್ಲಿ ಬರೆದಿಲ್ಲ.”

ದಾರಿಯುದ್ದಕ್ಕೂ ಅವರಿಗೆ ಹೇಳಲು ತೋಚಿದ ಸಮಾಧಾನ ಅದೊಂದೇ.

ಮರಿಯಪ್ಪ ಮೇಷ್ಟ್ರು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ವಿಷಯ ಕೇಳಿ ಕೈ ಒರೆಸಿಕೊಂಡರು. “ಬರೆದದ್ದು ನಾನೇ. ಎರಡು ವರ್ಷ ತಪ್ಪಾಗಿದೆ, ಅದೂ ನಿಜ. ಆದರೆ ನಿಯಮ ಬಿಟ್ಟು ಬರೆಯಲಿಲ್ಲ.”

“ಸುಳ್ಳು ತಾರೀಕು ಬರೆಯೋಕೂ ನಿಯಮ ಇತ್ತಾ ಮೇಷ್ಟ್ರೇ?” ಚನ್ನವೀರಪ್ಪನವರಿಗೆ ಜೀವಮಾನದಲ್ಲಿ ಬಂದ ನಾಲ್ಕೈದು ಸಿಟ್ಟುಗಳಲ್ಲಿ ಇದೂ ಒಂದು. ಉತ್ತರಕ್ಕೆ ಕಾಯದೆ ತೊಡೆಯ ಮೇಲೆ ಕಾಗದವಿಟ್ಟು ಬರೆದರು. ‘ದಾಖಲೆಯ ದಿನಾಂಕ ಸುಳ್ಳು. ಎರಡು ವರ್ಷ ವ್ಯತ್ಯಾಸ. ಆಟಗಾರ್ತಿ ಅನರ್ಹಳು.’ ಕಾಗುಣಿತ ಎರಡು ಸಲ ಸರಿ ನೋಡಿ, ಸಹಿಗೆಂದು ಮೇಷ್ಟ್ರ ಮುಂದೆ ಹಿಡಿದರು. ಪಟಾಲಮ್ಮ ಕಂಬಕ್ಕೆ ಮುಖ ತಿರುಗಿಸಿ ನಿಂತಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. “ಮೊದಲಿನ ಎರಡು ವಾಕ್ಯ ಸರಿ. ಮೂರನೆಯದು ಯಾಕೆ?”

“ಹದಿನೇಳೂವರೆಗೆ ಎರಡು ಸೇರಿಸಿದರೆ ಹತ್ತೊಂಬತ್ತೂವರೆ ಆಗ್ತದಲ್ಲ ಮೇಷ್ಟ್ರೇ.”

ಲೆಕ್ಕ ತಪ್ಪಿದ ಹುಡುಗನನ್ನು ನೋಡುವ ಹಾಗೆ ಮೇಷ್ಟ್ರು ಅವರನ್ನು ನೋಡಿದರು. ಆಮೇಲೆ ಕಂಬದ ಕಡೆ ತಿರುಗಿದರು. “ಪಟಾಲಿ, ಸ್ಕೂಲಿಗೆ ಸೇರಿದ ದಿನ ಏನು ಮಾಡಿಸಿದ್ದೆ ನಿನಗೆ? ಸಾರ್‌ಗೆ ತೋರಿಸು.”

ಪಟಾಲಮ್ಮ ಬಲಗೈ ಎತ್ತಿ ತಲೆಯ ಮೇಲಿಂದ ಆಚೆಗೆ ಇಳಿಬಿಟ್ಟಳು. ಬೆರಳುಗಳು ಎಡಗಿವಿ ದಾಟಿ, ಕೆನ್ನೆ ದಾಟಿ, ಗಲ್ಲದ ಹತ್ತಿರ ಹೋಗಿ ನಿಂತವು.

“ಹಳ್ಳಿಯಲ್ಲಿ ಹುಟ್ಟಿದ ತಾರೀಕು ಯಾರು ಬರೆದಿಡ್ತಿದ್ರು? ಬಲಗೈ ಬಂದು ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷ ಅಂತ ಲೆಕ್ಕ,” ಎಂದರು ಮೇಷ್ಟ್ರು. “ಇವಳು ಅಣ್ಣನ ಹಿಂದೆ ಅತ್ತುಕೊಂಡು ಬಂದಿದ್ದಳು. ಅವರಮ್ಮ, ಇದಕ್ಕಿನ್ನೂ ನಾಲ್ಕು ತುಂಬಿಲ್ಲ ಸಾಮಿ ಅಂತ ಕಾಲು ಹಿಡಿದರು. ನಾನು ಕೈಯನ್ನು ನಂಬಿದೆ.”