ಮೇಣದ ದಡ, ಬೆಳ್ಳಿಯ ಗೆರೆ

ವಿಮಲಾಕ್ಷಿಗೆ ಹೊಟ್ಟೆಕಿಚ್ಚು... ಅದೂ ತನಗಿಂತ ಚಿಕ್ಕವಳಾದ ನಫೀಸಾಳ ಮೇಲೆ!

ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ಇಬ್ಬರದೂ ಒಂದೇ ಸಂಶೋಧನೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಹೇಳುವ ಕಾಗದದ ಸ್ಟ್ರಿಪ್ ಮಾಡುವುದು.

ಕಾಗದದ ಮೇಲೆ ಮೇಣದಲ್ಲಿ ಎರಡು ದಡ... ನಡುವೆ ನೀರಿನ ಹನಿ ತಾನಾಗಿ ಹರಿಯುತ್ತದೆ. ಬೆಳ್ಳಿಯ ಇಂಕಿನಲ್ಲಿ ಎಳೆದ ಗೆರೆಯೇ ವೈರು. ಪುಟ್ಟ ಮೀಟರ್‌ಗೆ ಸಿಕ್ಕಿಸಿದರೆ ಉತ್ತರ ಬರುತ್ತದೆ.

ನಫೀಸಾಳ ಸ್ಟ್ರಿಪ್‌ನಲ್ಲಿ ನೀರು ಸರಾಗವಾಗಿ ಓಡುತ್ತಿತ್ತು. ವಿಮಲಾಕ್ಷಿಯದರಲ್ಲಿ ಮೇಣದ ದಡ ದಾಟಿ ಸೋರುತ್ತಿತ್ತು.

ಅವರ ಸಂಶೋಧನೆಯ ಗೈಡ್ ನಫೀಸಾಳನ್ನು ಹೊಗಳಿದಾಗಲೆಲ್ಲ ಇವಳಿಗೆ ಮೈಯೆಲ್ಲ ಉರಿ. ಅವಳು ನಕ್ಕರೂ ಆಗದು, ಅವಳ ಊಟದ ಡಬ್ಬಿಯ ಘಮ ಬಂದರೂ ಆಗದು!

ಮರುದಿನ ಸ್ಟ್ರಿಪ್ ಪರೀಕ್ಷಿಸುವ ಸಮಿತಿಯವರು ಬರುವುದಿತ್ತು. ಯಾರ ಸ್ಟ್ರಿಪ್ ಗೆಲ್ಲುತ್ತದೋ ಪ್ರಾಜೆಕ್ಟ್ ಅವರದು... ಇನ್ನೊಬ್ಬರು ಲ್ಯಾಬ್ ಬಿಡಬೇಕು.

ಸಂಜೆ ನಫೀಸಾ ಮೇಣದ ಕೆಲಸ ಮುಗಿಸಿ, ಬೆಳ್ಳಿ ಗೆರೆ ಒಣಗಿಸಲು ಓವನ್ ಬಿಸಿಯನ್ನು ಎಂದಿಗಿಂತ ಜಾಸ್ತಿ ಇಟ್ಟಳು.

ವಿಮಲಾಕ್ಷಿ ನೋಡಿದಳು. ಅಷ್ಟು ಬಿಸಿಗೆ ಮೇಣ ಮತ್ತೆ ಕರಗಿ ನೀರಿನ ದಾರಿಯೇ ಮುಚ್ಚಿಹೋಗುತ್ತದೆ... ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋದಳು. ಒಳಗೊಳಗೇ ಖುಷಿಯೂ ಆಯಿತು.

ವಾಪಸ್ ಬಂದಾಗ ನಫೀಸಾ ಹಾಳಾದ ಸ್ಟ್ರಿಪ್ ಹಿಡಿದು ಅಳುತ್ತಿದ್ದಳು.

"ಎಲ್ಲಾ ಹೋಯ್ತು ಅಕ್ಕಾ... ನಿಮ್ಮ ಬೆಳ್ಳಿ ಗೆರೆ ನೋಡಿ ನಂಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ನಂದು ಮುಟ್ಟಿದ್ರೆ ಬಿರುಕು ಬಿಡುತ್ತೆ, ಮೀಟರ್ ಸಲಕ್ಕೊಂದು ತೋರಿಸುತ್ತೆ. ಅದಕ್ಕೇ ಇವತ್ತು ನೀವಿಡೋವಷ್ಟೇ ಬಿಸಿ ಇಟ್ಟೆ..."

ವಿಮಲಾಕ್ಷಿ ಮೊದಲು ಬೆಳ್ಳಿ ಗೆರೆ ಎಳೆದು ಕಾಯಿಸಿ, ಆಮೇಲಷ್ಟೇ ಮೇಣ ಹಾಕುತ್ತಿದ್ದಳು. ನಫೀಸಾಗೆ ಅದು ಗೊತ್ತಿರಲಿಲ್ಲ... ಕೇಳುವಷ್ಟು ಸಲಿಗೆಯನ್ನು ಇವಳು ಕೊಟ್ಟೇ ಇರಲಿಲ್ಲ.

"ನೀನು ಬಿಸಿ ಜಾಸ್ತಿ ಇಟ್ಟಿದ್ದು ನೋಡಿದ್ದೆ ಕಣೇ... ಬೇಕಂತಲೇ ಸುಮ್ಮನಿದ್ದೆ." ಹೇಳುವಷ್ಟರಲ್ಲಿ ಕಣ್ಣೀರು ಇಳಿಯಿತು.

ನಫೀಸಾ ಕಣ್ಣೊರೆಸಿಕೊಂಡು ಹಾಳಾದ ಸ್ಟ್ರಿಪ್ ಪಕ್ಕಕ್ಕಿಟ್ಟಳು. ಆಮೇಲೆ ಹೊಸ ಹಾಳೆ ತೆಗೆದು ಅವಳ ಮುಂದಿಟ್ಟಳು.

"ಬೆಳ್ಳಿ ನೀವು ಎಳೀರಿ ಅಕ್ಕಾ... ಮೇಣ ನಾನು ಹಾಕ್ತೀನಿ."

ಮರುದಿನ ಸಮಿತಿಯ ಮುಂದೆ ಇದ್ದದ್ದು ಒಂದೇ ಸ್ಟ್ರಿಪ್. ನೀರು ಸೋರಲಿಲ್ಲ, ಮೀಟರ್ ತಡವರಿಸಲಿಲ್ಲ.

ಇದು ಯಾರದು ಎಂದು ಗೈಡ್ ಕೇಳಿದರು... ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಇನ್ನೊಬ್ಬರ ಕೈಯನ್ನೇ ನೋಡಿ ಉರಿಯುತ್ತಿದ್ದರೆ, ನಮ್ಮ ಕೈಯ ಬೆಲೆ ನಮಗೇ ಕಾಣುವುದಿಲ್ಲ.

ನೀವು ಇವತ್ತು ಯಾರನ್ನು ಕಂಡು ಹೊಟ್ಟೆ ಉರಿದುಕೊಂಡಿರಿ...? ಅವರು ನಿಮ್ಮನ್ನು ಕಂಡು ಏನಂದುಕೊಂಡಿರಬಹುದು?